ಆದವಾನಿಯ ರೋಗಿ, ನಮ್ಮ ರೋಗಿ

ಕೊರೋನಾ ವಾರ್ಡಿನ ಬಾಗಿಲು ಮುಚ್ಚಿತೆಂದರೆ ರೋಗಿಯ ಪರವಾಗಿ ಮಾತಾಡುವವರು ಯಾರೂ ಒಳಗೆ ಇರುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಎಷ್ಟು ವರ್ಷದ್ದು, ನುಂಗುವ ಮಾತ್ರೆ ಯಾವುದು, ಹಿಂದೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಡಾಕ್ಟರು ಏನೆಂದಿದ್ದರು ಎಂಬುದೆಲ್ಲ ಮನೆಯಾಕೆಗೋ ಮಗನಿಗೋ ತಿಳಿದಿರುವ ಸಂಗತಿ. ಅವರು ಗೇಟಿನ ಹೊರಗೆ. ಒಳಗೆ ಏದುಸಿರಿನ ರೋಗಿ ಒಬ್ಬನೇ. 2020 ಮತ್ತು 2021ರ ಆ ದಿನಗಳನ್ನು ಇಂದು ನೆನಪಿಸಿಕೊಳ್ಳಲು ಕಾರಣವಿದೆ. ಹೀಗೆ ಹೇಳದೆ, ಕೇಳದೆ ಉಳಿದ ಕಾಯಿಲೆಗಳಲ್ಲಿ ಯಕೃತ್ತಿನ ಕೊಬ್ಬು ಮುಖ್ಯವಾದುದು.

ಯಕೃತ್ತು, ಅಂದರೆ ನಾವೆಲ್ಲ ಲಿವರ್ ಎನ್ನುವ ಅಂಗ, ನೋವು ಹೇಳಿಕೊಳ್ಳುವುದಿಲ್ಲ. ಅದರಲ್ಲಿ ಕೊಬ್ಬು ತುಂಬಿದರೂ ವರ್ಷಗಟ್ಟಲೆ ಏನೂ ತಿಳಿಯದು. ಕೆಲವರಲ್ಲಿ ಕೊಬ್ಬಿನ ಬೆನ್ನಿಗೆ ಉರಿಯೂತ, ಉರಿಯೂತದ ಬೆನ್ನಿಗೆ ಗಾಯ ಮಾಗಿದಂಥ ಗಡಸು ಕಲೆ ಬರುತ್ತದೆ. ಕುಡುಕರಿಗೆ ಮಾತ್ರ ಬರುವ ರೋಗವಿದು ಎಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ, ಅದು ತಪ್ಪು. ಹನಿ ಮದ್ಯ ಮುಟ್ಟದ ಗೃಹಿಣಿಗೂ ಬರುತ್ತದೆ, ತೆಳ್ಳಗಿನ ಮೈಯವನಿಗೂ ಬರುತ್ತದೆ.

ಆಸ್ಪತ್ರೆ ಸೇರಿದ ಕೊರೋನಾ ರೋಗಿಗಳ ಬಗ್ಗೆ ಹಲವು ದೇಶಗಳ ವೈದ್ಯರು ಕಂಡದ್ದಿಷ್ಟು: ಯಕೃತ್ತಿನಲ್ಲಿ ಕೊಬ್ಬಿದ್ದವರಲ್ಲಿ ರೋಗ ಉಲ್ಬಣಿಸಿ ತೀವ್ರ ನಿಗಾ ಘಟಕ ಸೇರಿದವರು ಹೆಚ್ಚು. ಸಾವಿನ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತಲ್ಲ. ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ಪಾಲನ್ನು ಕಳೆದು ನೋಡಿದರೆ ಬರಿಯ ಕೊಬ್ಬಿನ ದೋಷ ಕಡಿಮೆಯಾಗುತ್ತದೆ ಎನ್ನುವವರಿದ್ದಾರೆ. ಆದರೆ ಕಲೆಗಟ್ಟಿದ ಯಕೃತ್ತಿನವರಿಗೆ ಅಪಾಯ ಹೆಚ್ಚೆಂಬುದರಲ್ಲಿ ಭಿನ್ನಾಭಿಪ್ರಾಯ ಅಷ್ಟಾಗಿಲ್ಲ. ರಕ್ತ ಹೆಪ್ಪುಗಟ್ಟಿಸುವ ವಸ್ತುಗಳು ತಯಾರಾಗುವುದೂ ಅನೇಕ ಔಷಧಗಳು ಜೀರ್ಣವಾಗುವುದೂ ಅಲ್ಲಿಯೇ ಅಲ್ಲವೆ? 2020ರ ಜೂನ್ ತಿಂಗಳಲ್ಲಿ ಆಮ್ಲಜನಕ ಬೇಕಾದ ರೋಗಿಗಳ ಜೀವ ಉಳಿಸುತ್ತದೆಂದು ಸಿದ್ಧವಾದ ಡೆಕ್ಸಾಮೆಥಸೋನ್ ಕೂಡ ರಕ್ತದ ಸಕ್ಕರೆಯನ್ನು ಏರಿಸುವ ಮದ್ದು. ರೋಗಿಯ ಹಿಂದಿನ ಸ್ಥಿತಿ ಗೊತ್ತಿದ್ದ ವೈದ್ಯನ ಕೈಗೂ ಗೊತ್ತಿಲ್ಲದವನ ಕೈಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಈಗ ಆದವಾನಿಯ ಕಡೆ ನೋಡೋಣ. ತೆಲುಗಿನಲ್ಲಿ ಆದೋನಿ ಎನಿಸಿಕೊಂಡಿರುವ ಈ ಹತ್ತಿಯ ಪೇಟೆ, ಅದರೊಂದಿಗೆ ಆಲೂರು, 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ನಾವು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಮೂರು ವರ್ಷ ಹಿರಿಯರಾದ ಈ ಸೋದರರ ಕಷ್ಟ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಹೊಳಗುಂದ, ಹಾಲಹರವಿಯ ಹಳ್ಳಿಗರಿಗೆ ಜಿಲ್ಲಾ ಕೇಂದ್ರವಾದ ಕರ್ನೂಲಿಗಿಂತ ಬಳ್ಳಾರಿಯೇ ಹತ್ತಿರ. ನಮಗೆ ಮಂಗಳೂರು ಇದ್ದಂತೆ. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ದಾರಿಗೆ ಮಣ್ಣು ಸುರಿದಾಗ ನಮ್ಮವರು ಆಸ್ಪತ್ರೆ ಕಾಣದೆ ಸತ್ತದ್ದನ್ನು ಮರೆತಿಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮರುವರ್ಷ ಮೇ ತಿಂಗಳಲ್ಲಿ ಕರ್ನೂಲಿನಾಚೆಯ ಪುಲ್ಲೂರು ಟೋಲ್‌ಗೇಟಿನಲ್ಲಿ ಹೈದರಾಬಾದಿಗೆ ಹೊರಟ ಆಂಬುಲೆನ್ಸುಗಳನ್ನು ತೆಲಂಗಾಣದ ಪೊಲೀಸರು ತಡೆದರು; ಅಲ್ಲಿಯೂ ಹೈಕೋರ್ಟೇ ಬುದ್ಧಿ ಹೇಳಬೇಕಾಯಿತು. ಗಡಿಯವರ ಪಾಲಿಗೆ ಆಸ್ಪತ್ರೆಯ ದಾರಿ ಯಾವಾಗಲೂ ಯಾರದೋ ದಯೆಯಲ್ಲಿರುತ್ತದೆ. ಆದುದರಿಂದ ದಾರಿ ಹಿಡಿಯುವುದಕ್ಕೆ ಮೊದಲೇ, ತಮ್ಮ ಊರಲ್ಲಿಯೇ, ಅವರಿಗೆ ತಿಳಿಯಬೇಕಾದ್ದು ತಿಳಿದಿರಬೇಕು.

ಆ ಸೀಮೆಯ ಊಟವೂ ಬದಲಾಗಿದೆ. ಜೋಳದ ರೊಟ್ಟಿಯ ನಾಡದು. 1983ರಲ್ಲಿ ಎನ್.ಟಿ. ರಾಮರಾಯರ ಸರಕಾರ ಕಿಲೋಗೆ 2 ರೂಪಾಯಿಯ ಅಕ್ಕಿ ಕೊಟ್ಟ ಮೇಲೆ ಬಡವನ ಮನೆಯಲ್ಲೂ ಅನ್ನ ನಿತ್ಯದ್ದಾಯಿತು. ಹಸಿವು ನೀಗಿಸಿದ ಯೋಜನೆಯನ್ನು ನಾವು ಹಳಿಯುವುದಿಲ್ಲ. ಆದರೆ ಮೂರು ಹೊತ್ತು ಬಿಳಿ ಅನ್ನ, ಬೆಳಿಗ್ಗೆ ಒಗ್ಗರಣೆ ಮಂಡಕ್ಕಿಯ ಜೊತೆ ಎಣ್ಣೆ ಸೋರುವ ಮಿರ್ಚಿ, ಅಂಗಡಿಯಲ್ಲಿ ಕುಳಿತೇ ಕಳೆಯುವ ದಿನ ಎಂದಾದರೆ ಹೊಟ್ಟೆಯ ಸುತ್ತಳತೆ ಸುಮ್ಮನಿರುವುದೆ? (ಕುಚ್ಚಲಕ್ಕಿ ತಿನ್ನುವ ನಾವು ನಗಬೇಕಾಗಿಲ್ಲ, ಬೇಕರಿಗಳ ಸಂಖ್ಯೆಯಲ್ಲಿ ನಮ್ಮ ಜಿಲ್ಲೆಯೇನೂ ಹಿಂದಿಲ್ಲ.)

ಕೇಂದ್ರ ಸರಕಾರ 2021ರ ಫೆಬ್ರವರಿಯಲ್ಲಿ ಮದ್ಯದಿಂದಲ್ಲದ ಯಕೃತ್ತಿನ ಕೊಬ್ಬನ್ನು ತನ್ನ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮಕ್ಕೆ ಸೇರಿಸಿತು. ಸ್ವಾಗತಾರ್ಹ ಕೆಲಸ. ತಪಾಸಣೆಯೂ ದೊಡ್ಡ ಯಂತ್ರ ಬೇಡುವುದಲ್ಲ. ವಯಸ್ಸು, ಯಕೃತ್ತಿನ ಎರಡು ಕಿಣ್ವಗಳ ಪ್ರಮಾಣ, ಪ್ಲೇಟ್‌ಲೆಟ್ ಸಂಖ್ಯೆ, ಈ ನಾಲ್ಕರಿಂದ ಕಲೆಗಟ್ಟಿರುವ ಸಂಭವವನ್ನು ಲೆಕ್ಕ ಹಾಕಬಹುದು. ಮೈತೂಕ ಹೆಚ್ಚಿದ್ದವರು ಅದರಲ್ಲಿ ನೂರಕ್ಕೆ 7ರಿಂದ 10ರಷ್ಟು ಇಳಿಸಿದರೆ ಕೊಬ್ಬು ಕರಗುತ್ತದೆ; ಎಂಬತ್ತು ಕಿಲೋದವರಿಗೆ ಆರರಿಂದ ಎಂಟು ಕಿಲೋ.

ಆದರೆ ಈ ಮಾತನ್ನು ಆದವಾನಿಯ ಕನ್ನಡಿಗನಿಗೆ ಯಾವ ಭಾಷೆಯಲ್ಲಿ ಹೇಳುವುದು? ಅವನಿಗೆ ತೆಲುಗು ಬರುತ್ತದೆ, ನಿಜ. ನಮಗೂ ಮಲಯಾಳ ಬರುತ್ತದೆ. ಸಂತೆಯಲ್ಲಿ ಸಾಮಾನು ಕೊಳ್ಳುವಷ್ಟು ಬರುವ ಭಾಷೆ ಬೇರೆ, ಉಸಿರು ಕಟ್ಟಿದಾಗ ಬಾಯಿಗೆ ಬರುವ ಭಾಷೆ ಬೇರೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡಿಗನಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಅರ್ಜಿ ಬರೆಯುವ ಹಕ್ಕಿದ್ದವನಿಗೆ ತನ್ನ ಕಾಯಿಲೆಯ ಚೀಟಿಯನ್ನು ಓದುವ ಹಕ್ಕು ಬೇಡವೆ?

ನಮ್ಮ ಬೇಡಿಕೆ ದೊಡ್ಡದಲ್ಲ. ಕರ್ನೂಲು ಜಿಲ್ಲೆಯ ಪಶ್ಚಿಮದ ಮಂಡಲಗಳಲ್ಲಿ, ಹಾಗೆಯೇ ನಮ್ಮ ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳು ಸಕ್ಕರೆ ಮತ್ತು ರಕ್ತದೊತ್ತಡದ ರೋಗಿಗಳಿಗೆ ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಿ, ಫಲಿತಾಂಶವನ್ನು ಕನ್ನಡದಲ್ಲಿಯೂ ಬರೆದ ಒಂದು ಕಾರ್ಡನ್ನು ಕೈಗೆ ಕೊಡಲಿ. ಮುಂದಿನ ಸಲ ಯಾವ ಜ್ವರ ಬಂದು ವಾರ್ಡಿನ ಬಾಗಿಲು ಮುಚ್ಚಿದರೂ ಆ ಕಾರ್ಡು ರೋಗಿಯ ಜೇಬಿನಲ್ಲಿ ಒಳಗೆ ಹೋಗುತ್ತದೆ. ಉಭಯ ರಾಜ್ಯಗಳ ಆರೋಗ್ಯ ಇಲಾಖೆಯವರು ಇತ್ತ ಗಮನ ಹರಿಸುವರೆ?