ಆರ್ಡರ್ ಮಾಡಿದ್ದೇ ಉಪಕಾರವೆ?

ನಾವು ಕೊಳ್ಳುವುದನ್ನು ನಿಲ್ಲಿಸಿದರೆ ಬಡವನ ಹೊಟ್ಟೆಗೆ ಹೊಡೆದಂತೆ, ಮೌಲ್ಯ-ಸರಳತೆಯೆಲ್ಲ ಉಳ್ಳವರ ಶೋಕಿ ಎನ್ನುವ ಕಳೆದ ಸಂಚಿಕೆಯ ಲೇಖನದಲ್ಲಿ ಅರ್ಧ ಸತ್ಯವಿದೆ. ಕೈಮಗ್ಗದ ಅಂಗಿ ದುಬಾರಿ, ನಿಜ. ಡೆಲಿವರಿ ಹುಡುಗನಿಗೆ ಅಗ್ಗದ ಟೀಶರ್ಟೇ ಗತಿ. ಅದನ್ನು ಅವನ ತಪ್ಪೆಂದು ಯಾರೂ ಹೇಳುತ್ತಿಲ್ಲ. ಆದರೆ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತರಿಸಿಕೊಳ್ಳುವುದನ್ನೇ ಸಮಾಜಸೇವೆ ಎಂದು ಬರೆಯಲು ಎದೆಗಾರಿಕೆ ಬೇಕು!

ಬೈಕು ಅವನದು, ಪೆಟ್ರೋಲ್ ಅವನದು, ಬೆಂಗಳೂರಿನ ಸಿಲ್ಕ್ ಬೋರ್ಡ್ ಹತ್ತಿರ ಬಿದ್ದರೆ ಮುರಿಯುವ ಮೂಳೆಯೂ ಅವನದೇ. ನಮ್ಮ ಆರ್ಡರ್‌ಗಳಿಂದಲೇ ಅವನ ಬದುಕು ಹಸನಾಗುತ್ತಿದ್ದರೆ 2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರಿಗೆಂದೇ ಕಾನೂನು ತರಬೇಕಾಗಿರಲಿಲ್ಲ. ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕಾರಣ ತಿಳಿಸದೆ ಕೆಲಸದಿಂದ ತೆಗೆಯದಂತೆ ತಡೆ: ಇವು ಗಿರಾಕಿಯ ಔದಾರ್ಯದಿಂದ ಬಂದವಲ್ಲ. ಕಾರ್ಮಿಕ ಸಂಘಟನೆಗಳು ಪಟ್ಟು ಹಿಡಿದು ಕೇಳಿದ್ದಕ್ಕೆ ಬಂದವು.

ಹಾಗೆಂದು ನಾನು ಚೀಲ ಹಿಡಿದು ಸಂತೆಗೆ ಹೋದರೆ ಕ್ರಾಂತಿಯಾಗುತ್ತದೆಂಬ ಭ್ರಮೆಯೇನೂ ನನಗಿಲ್ಲ. (ಮನೆಯವರಿಗಂತೂ ಮೊದಲೇ ಇಲ್ಲ.) ಆದರೆ ಸರಳತೆ ಬರೀ ಶೋಕಿಯೂ ಅಲ್ಲ: ಹೆಗ್ಗೋಡಿನ ಬಳಿ 'ಚರಕ' ಎಂಬ ಕೈಮಗ್ಗ ಸಂಸ್ಥೆ ಕಟ್ಟಿದ ರಂಗಕರ್ಮಿ ಪ್ರಸನ್ನ ಕೈಮಗ್ಗದ ಬಟ್ಟೆ ಉಟ್ಟು ಸುಮ್ಮನೆ ಕೂರಲಿಲ್ಲ. ಕೈ ಉತ್ಪನ್ನಗಳ ಮೇಲಿನ ಜಿಎಸ್‌ಟಿ ತೆಗೆಯಿರೆಂದು 2017ರಲ್ಲಿ ಉಪವಾಸ ಕೂತರು. ಉಡುವ ಬಟ್ಟೆಗೂ ಕೇಳುವ ನ್ಯಾಯಕ್ಕೂ ಅಲ್ಲಿ ನಂಟಿತ್ತು. ಲೇಖಕರು ಈ ನಂಟನ್ನೇ ಕತ್ತರಿಸಿ, ಉಳಿದ ತುಂಡನ್ನು ಶೋಕಿ ಎನ್ನುತ್ತಾರೆ.

ಅವರು ಆ್ಯಪ್ ತೆಗೆದುಹಾಕಬೇಕಿಲ್ಲ. ಆ ಕಲ್ಯಾಣ ಶುಲ್ಕವನ್ನು ಕಂಪನಿ ತಮ್ಮ ಬಿಲ್ಲಿಗೇ ಸೇರಿಸಿದರೆ ಅವರು ಗೊಣಗುತ್ತಾರೋ ಇಲ್ಲವೋ, ಅಷ್ಟು ತಿಳಿಸಲಿ.