ಕೀಲಿಮಣೆಯ ಹಿಂದೆ ಕುಳಿತವರಾರು?

ಕನ್ನಡದ ‘ಅಕ್ಕ’ ಎಂಬ ಎರಡಕ್ಷರದ ಪದವನ್ನು ಗಣಕದ ತೆರೆಯ ಮೇಲೆ ಮೂಡಿಸಬೇಕಾದರೆ ನಾಲ್ಕು ಕೀಲಿಗಳನ್ನು ಒತ್ತಬೇಕು. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ, ನಮ್ಮ ರಾಜ್ಯ ಸರ್ಕಾರವು ಅಂಗೀಕರಿಸಿದ ವಿನ್ಯಾಸದಲ್ಲಿ ಆ ಕೀಲಿಗಳು ಕ್ರಮವಾಗಿ ಎ, ಕೆ, ಎಫ್, ಕೆ. ಕೀಲಿಗಳ ಮೇಲೆ ಅಚ್ಚಾಗಿರುವುದು ಇಂಗ್ಲಿಷ್ ಅಕ್ಷರ. ತೆರೆಯ ಮೇಲೆ ಕಾಣುವುದು ಕನ್ನಡ. ಹಾಗಾದರೆ ಇವೆರಡರ ನಡುವೆ ಯಾವುದೋ ಒಂದು ಶಕ್ತಿ ಕುಳಿತು ಒಂದನ್ನು ಇನ್ನೊಂದಾಗಿ ಬದಲಾಯಿಸುತ್ತಿರಲೇಬೇಕಷ್ಟೆ. ಈ ನಡುವಣ ಮಧ್ಯವರ್ತಿಯ ವಿಚಾರವನ್ನು ನಮ್ಮ ವಿದ್ಯಾರ್ಥಿಮಿತ್ರರು ಒಮ್ಮೆಯಾದರೂ ಕೂಲಂಕಷವಾಗಿ ಯೋಚಿಸಬೇಕೆಂಬುದು ನಮ್ಮ ಆಶಯ.

1998ರಲ್ಲಿ ಬಂದ ‘ಬರಹ’ವಾಗಲಿ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ, ಸರ್ಕಾರಿ ಕಛೇರಿಗಳಲ್ಲೆಲ್ಲ ಬಳಕೆಗೆ ಬಂದ ‘ನುಡಿ’ಯಾಗಲಿ ಈ ಮಧ್ಯವರ್ತಿಯ ಕೆಲಸವನ್ನೇ ಮಾಡುತ್ತ ಬಂದವು. ಇವುಗಳನ್ನು ಒಮ್ಮೆ ಚಾಲೂ ಮಾಡಿದರೆ ಸಾಕು, ತೆರೆಯ ಕೆಳಗಿನ ಮೂಲೆಯಲ್ಲಿ, ಗಡಿಯಾರದ ಪಕ್ಕದಲ್ಲಿ, ಒಂದು ಸಣ್ಣ ಗುರುತಾಗಿ ನಿಂತುಬಿಡುವುವು. ಅಲ್ಲಿಂದಾಚೆಗೆ ನಾವು ಪತ್ರ ಬರೆಯುತ್ತಿರಲಿ, ಲೆಕ್ಕ ಹಾಕುತ್ತಿರಲಿ, ಅವುಗಳ ಕೆಲಸ ಹಿನ್ನೆಲೆಯಲ್ಲಿ ನಡೆದೇ ಇರುತ್ತದೆ. ಅದು ಹೇಗೆಂದರೆ, ವಿಂಡೋಸ್ ಮುಂತಾದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಒಂದು ಏರ್ಪಾಡುಂಟು. ಯಾವುದಾದರೂ ತಂತ್ರಾಂಶವು ಮುಂಚಿತವಾಗಿ ಹೆಸರು ಕೊಟ್ಟಿದ್ದರೆ, ಒತ್ತಿದ ಪ್ರತಿಯೊಂದು ಕೀಲಿಯ ಸುದ್ದಿಯೂ ಸೇರಬೇಕಾದ ಕಡೆಗೆ ಸೇರುವ ಮೊದಲೇ ಆ ತಂತ್ರಾಂಶಕ್ಕೆ ಮುಟ್ಟುತ್ತದೆ. ಅದು ಸುದ್ದಿಯನ್ನು ಹಾಗೆಯೇ ಮುಂದಕ್ಕೆ ಬಿಡಬಹುದು, ಬದಲಾಯಿಸಬಹುದು, ನುಂಗಿಯೂ ಬಿಡಬಹುದು. ಅಷ್ಟೇ ಅಲ್ಲ, ಹಿಂದಿನ ಕೀಲಿಗಳನ್ನೂ ಅದು ನೆನಪಿಟ್ಟುಕೊಳ್ಳಬೇಕಾಗುತ್ತಿತ್ತು. ಆ ಕಾಲದ ಅಕ್ಷರಮಾದರಿಗಳಲ್ಲಿ ‘ಕ’ ಒಂದು ಆಕಾರ, ‘ಕಿ’ ಬೇರೊಂದು ಆಕಾರ. ‘ಕ’ ಮೂಡಿದ ಮೇಲೆ ಇಕಾರದ ಕೀಲಿಯನ್ನು ಒತ್ತಿದರೆ ಮೊದಲಿನ ಆಕಾರವನ್ನು ಅಳಿಸಿ ಎರಡನೆಯದನ್ನು ಇಡಬೇಕು. ಹಿಂದೆ ಏನು ಬಂದಿತ್ತೆಂಬುದು ತಿಳಿಯದೆ ಇದು ಆಗುವ ಕೆಲಸವಲ್ಲ.

ಈಗ ಇದೇ ಸಂಗತಿಯನ್ನು ಇನ್ನೊಂದು ಮಗ್ಗುಲಿನಿಂದ ನೋಡೋಣ. ಪ್ರತಿಯೊಂದು ಕೀಲಿಯನ್ನೂ ಮೊದಲು ತಾನು ಕಾಣುವುದು, ಹಿಂದಿನವುಗಳನ್ನು ನೆನಪಿಡುವುದು, ಬಳಕೆದಾರನ ಕಣ್ಣಿಗೆ ಬೀಳದೆ ಸದಾ ಜಾಗೃತವಾಗಿರುವುದು, ಇವು ಪಾಸ್‌ವರ್ಡುಗಳನ್ನು ಕದಿಯುವ ಗೂಢಚಾರ ತಂತ್ರಾಂಶದ ಲಕ್ಷಣಗಳೂ ಹೌದು. ಕನ್ನಡವನ್ನು ಬರೆದುಕೊಡುವ ಸೇವಕನೂ ಕೀಲಿಗಳನ್ನು ಕದ್ದು ಬರೆದುಕೊಳ್ಳುವ ಕಳ್ಳನೂ ಕೂರುವುದು ಒಂದೇ ಪೀಠದ ಮೇಲೆ. ನುಡಿ, ಬರಹಗಳ ಮೇಲೆ ನಾವು ಯಾವ ಸಂಶಯವನ್ನೂ ಹೊರಿಸುತ್ತಿಲ್ಲ. ಅವು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ನಮ್ಮ ಪ್ರಶ್ನೆ ಇಷ್ಟೆ: ಸೇವಕ ಯಾರು, ಕಳ್ಳ ಯಾರು ಎಂಬುದನ್ನು ಹೊರಗೆ ನಿಂತ ಬಳಕೆದಾರನು ತಿಳಿಯುವ ಬಗೆ ಯಾವುದು? ನೋಟದಿಂದ ತಿಳಿಯುವಂತಿಲ್ಲ. ಸೇವಕನು ತಾನಾಗಿ ಬಾಯಿಬಿಟ್ಟು ಹೇಳಬೇಕು; ಹೇಳಿದ್ದು ನಿಜವೋ ಅಲ್ಲವೋ ಎಂದು ಪರೀಕ್ಷಿಸಲು ಬಲ್ಲವರಿಗೆ ಅವಕಾಶವಿರಬೇಕು.

ಹಿನ್ನೆಲೆಯ ತಂತ್ರಾಂಶಗಳ ಸಂಸಾರ ಬಹು ದೊಡ್ಡದು. ಏನನ್ನೂ ತೆರೆಯದೆ ಸುಮ್ಮನಿಟ್ಟ ಗಣಕದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ‘ಟಾಸ್ಕ್ ಮ್ಯಾನೇಜರ್’ ಪಟ್ಟಿಯನ್ನು ನೋಡಿದರೆ ಅಲ್ಲಿ ನಡೆಯುತ್ತಿರುವ ಕಾರ್ಯಗಳ ಸಂಖ್ಯೆ ನೂರನ್ನು ಮೀರಿರುವುದು ಅಪರೂಪವಲ್ಲ. ಮುದ್ರಣಯಂತ್ರವನ್ನು ಕಾಯುವುದೊಂದು, ಧ್ವನಿಯನ್ನು ನೋಡಿಕೊಳ್ಳುವುದೊಂದು, ಹೊಸ ಆವೃತ್ತಿ ಬಂದಿದೆಯೆ ಎಂದು ವಿಚಾರಿಸುತ್ತಿರುವುದು ಮತ್ತೊಂದು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1963ರ ಸುಮಾರಿಗೆ ಇಂತಹವಕ್ಕೆ ‘ಡೀಮನ್’ ಎಂದು ಹೆಸರಿಟ್ಟರು. ಭೌತಶಾಸ್ತ್ರಜ್ಞ ಮ್ಯಾಕ್ಸ್‌ವೆಲ್ಲನು ಕಲ್ಪಿಸಿದ, ಕಣ್ಣಿಗೆ ಕಾಣದೆ ಅಣುಗಳನ್ನು ವಿಂಗಡಿಸುವ ಭೂತದ ನೆನಪಿನಿಂದ ಬಂದ ಹೆಸರದು. ನಮ್ಮ ಕರಾವಳಿಯ ಭೂತಗಳಿಗಾದರೂ ಹೆಸರುಂಟು, ಸ್ಥಾನವುಂಟು, ವರ್ಷಕ್ಕೊಮ್ಮೆ ಹತ್ತು ಜನರ ಎದುರಿಗೆ ನಿಂತು ನುಡಿ ಕೊಡುವ ಕಟ್ಟಳೆಯುಂಟು! ಗಣಕದ ಭೂತಗಳಿಗೆ ಅಂತಹ ಕಟ್ಟಳೆ ಯಾವುದೂ ಇಲ್ಲದಿರುವುದೇ ತೊಂದರೆಗೆ ಮೂಲ.

ಈ ತೊಂದರೆಯು ಬರಿಯ ಊಹೆಯಲ್ಲ. 2017ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ‘ಮಾಡ್‌ಜೀರೋ’ ಎಂಬ ಭದ್ರತಾ ಸಂಸ್ಥೆಯವರು ಒಂದು ಸ್ವಾರಸ್ಯವಾದ ಸಂಗತಿಯನ್ನು ಹೊರಗೆಡಹಿದರು. ಎಚ್.ಪಿ. ಸಂಸ್ಥೆಯ ಕೆಲವು ಮಾದರಿಯ ಲ್ಯಾಪ್‌ಟಾಪುಗಳಲ್ಲಿ ಧ್ವನಿಯ ವ್ಯವಸ್ಥೆಗಾಗಿ ಕೊನೆಕ್ಸಂಟ್ ಎಂಬ ಮತ್ತೊಂದು ಸಂಸ್ಥೆಯ ತಂತ್ರಾಂಶವನ್ನು ಕಾರ್ಖಾನೆಯಲ್ಲಿಯೇ ಅಳವಡಿಸಲಾಗಿತ್ತು. ಮೈಕ್ರೊಫೋನನ್ನು ಬಂದ್ ಮಾಡುವ ವಿಶೇಷ ಕೀಲಿಯನ್ನು ಯಾರಾದರೂ ಒತ್ತಿದರೆ ಎಂದು ಕಾದಿರುವುದು ಅದರ ಕೆಲಸ. ಆ ಒಂದು ಕೀಲಿಯನ್ನು ಹಿಡಿಯುವುದಕ್ಕಾಗಿ ಅದು ಎಲ್ಲ ಕೀಲಿಗಳನ್ನೂ ಗಮನಿಸುತ್ತಿತ್ತು. ಗಮನಿಸಿ ಸುಮ್ಮನಾಗಿದ್ದರೆ ಚಿಂತೆಯಿರಲಿಲ್ಲ. ಒತ್ತಿದ ಪ್ರತಿಯೊಂದನ್ನೂ ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಆ ಕಡತವು ಗಣಕವನ್ನು ಬಳಸುವ ಯಾರೇ ಆಗಲಿ ಓದಬಹುದಾದ ಸ್ಥಳದಲ್ಲಿತ್ತು. ಪ್ರತಿ ಸಲ ಗಣಕವನ್ನು ಪ್ರವೇಶಿಸಿದಾಗ ಹಳೆಯದು ಅಳಿಸಿ ಹೊಸದು ಆರಂಭವಾಗುತ್ತಿತ್ತೆಂಬುದೇನೋ ನಿಜ. ಆದರೆ ಆ ವೇಳೆಗೆ ಪ್ರತಿ ತೆಗೆದುಕೊಂಡವರನ್ನು ತಡೆಯುವವರಾರು? ಪರೀಕ್ಷೆಯ ಕಾಲಕ್ಕೆ ಬರೆದ ಕೆಲವು ಸಾಲುಗಳನ್ನು ತೆಗೆಯಲು ಮರೆತದ್ದರಿಂದ ಹೀಗಾಯಿತೆಂದು ತಿಳಿದುಬಂದಿತು, ಸಂಸ್ಥೆಯು ತಿದ್ದುಪಡಿಯನ್ನೂ ಹೊರಡಿಸಿತು. ಇದರಲ್ಲಿ ದುರುದ್ದೇಶ ಕಾಣುವುದಿಲ್ಲ. ಆದುದರಿಂದಲೇ ಈ ಉದಾಹರಣೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದೆವು. ‘ಈ ಧ್ವನಿಯ ತಂತ್ರಾಂಶವು ಕೀಲಿಮಣೆಯನ್ನು ಸದಾ ಗಮನಿಸುತ್ತಿರುತ್ತದೆ’ ಎಂಬ ಒಂದೇ ವಾಕ್ಯವನ್ನು ಮೊದಲ ದಿನವೇ ಬರೆದಿದ್ದರೆ ಯಾರಾದರೊಬ್ಬರು ‘ಅದೇಕೆ?’ ಎಂದು ಕೇಳುತ್ತಿದ್ದರು, ತಪ್ಪು ಅಂದೇ ಬಯಲಾಗುವ ಸಂಭವವಿತ್ತು.

ಉದ್ದೇಶಪೂರ್ವಕವಾಗಿ ಮರೆಮಾಚಿದ ಪ್ರಸಂಗಗಳೂ ಉಂಟು. 2005ರಲ್ಲಿ ಸೋನಿ ಬಿ.ಎಂ.ಜಿ. ಸಂಸ್ಥೆಯ ಕೆಲವು ಸಂಗೀತದ ಮುದ್ರಿಕೆಗಳನ್ನು ಗಣಕದಲ್ಲಿ ಹಾಕಿದವರಿಗೆ, ನಕಲು ಮಾಡುವುದನ್ನು ತಡೆಯುವ ತಂತ್ರಾಂಶವೊಂದು ತನ್ನನ್ನು ತಾನೇ ಬಚ್ಚಿಟ್ಟುಕೊಂಡು ಒಳಸೇರಿದ್ದು ಗೊತ್ತೇ ಆಗಲಿಲ್ಲ. ಅದನ್ನು ಪತ್ತೆಹಚ್ಚಿದ ಮಾರ್ಕ್ ರುಸಿನೊವಿಚ್ ಅವರು, ಗಣಕದೊಡನೆ ತಾವಾಗಿ ಏಳುವ ತಂತ್ರಾಂಶಗಳನ್ನೆಲ್ಲ ಪಟ್ಟಿಮಾಡಿ ತೋರಿಸುವ ‘ಆಟೋರನ್ಸ್’ ಎಂಬ ಉಚಿತ ಸಾಧನವನ್ನು ರಚಿಸಿದವರಲ್ಲಿ ಒಬ್ಬರು. ಕನ್ನಡಿಗರಾದ ನಮಗೆ ಇನ್ನೂ ಹತ್ತಿರದ ಪಾಠ ಚೀನಾ ದೇಶದ್ದು. ಅಲ್ಲಿಯೂ ಇಂಗ್ಲಿಷ್ ಕೀಲಿಗಳಿಂದ ತಮ್ಮ ಲಿಪಿಯನ್ನು ಮೂಡಿಸಲು ಮಧ್ಯವರ್ತಿ ತಂತ್ರಾಂಶ ಬೇಕು. ತಿಂಗಳಿಗೆ 45 ಕೋಟಿಗೂ ಮೀರಿದ ಬಳಕೆದಾರರುಳ್ಳ ‘ಸೋಗೌ’ ಎಂಬ ಅಂತಹ ತಂತ್ರಾಂಶವು ಒತ್ತಿದ ಕೀಲಿಗಳನ್ನು ತನ್ನ ಸಂಸ್ಥೆಯ ದೂರದ ಗಣಕಗಳಿಗೆ ಕಳುಹಿಸುತ್ತಿದ್ದಿತೆಂದೂ, ಅದಕ್ಕೆ ಹೊದಿಸಿದ್ದ ಗೂಢಲಿಪಿ ದುರ್ಬಲವಾಗಿದ್ದು ದಾರಿಯಲ್ಲಿ ಹೊಂಚುಹಾಕಿದವರು ಅವನ್ನು ಓದಬಹುದಾಗಿತ್ತೆಂದೂ ಕೆನಡಾದ ಟೊರೊಂಟೊ ವಿಶ್ವವಿದ್ಯಾನಿಲಯದ ಸಿಟಿಜನ್ ಲ್ಯಾಬ್ ಸಂಶೋಧಕರು 2023ರ ಆಗಸ್ಟಿನಲ್ಲಿ ಪ್ರಕಟಿಸಿದರು. ಸಂಸ್ಥೆಯು ಬಳಿಕ ಆ ದೋಷವನ್ನು ಸರಿಪಡಿಸಿತು.

ಈ ದೂರದ ಸುದ್ದಿಗಳಿಂದ ನಮ್ಮ ನೆರೆಗೆ ಬರೋಣ. ಬೆಂಗಳೂರಿನ ಪಶ್ಚಿಮದಲ್ಲಿ, ಜ್ಞಾನಭಾರತಿಯ ಆಚೆಗೆ, ಉಲ್ಲಾಳವೆಂಬ ಊರುಂಟು. (ರಾಣಿ ಅಬ್ಬಕ್ಕನ ಉಳ್ಳಾಲ ಬೇರೆ, ಅದು ಕಡಲ ತೀರದ್ದು.) ಹಿಂದೆ ಕೆರೆ, ಹೊಲಗಳ ಹಳ್ಳಿಯಾಗಿದ್ದುದು ಇಂದು ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ ಮೊದಲಾದವುಗಳೊಡನೆ ಬೆಸೆದುಕೊಂಡು ನಗರದ ಭಾಗವೇ ಆಗಿದೆ. ಇಂತಹ ಬಡಾವಣೆಗಳ ಮುಖ್ಯರಸ್ತೆಗಳಲ್ಲಿ ಜೆರಾಕ್ಸ್ ಮತ್ತು ಬೆರಳಚ್ಚಿನ ಅಂಗಡಿಗಳನ್ನು ನೋಡದವರಾರು? ಬಾಡಿಗೆ ಕರಾರನ್ನು ಅಲ್ಲಿ ಕನ್ನಡದಲ್ಲಿ ಟೈಪು ಮಾಡಿಸುತ್ತೇವೆ. ಅದೇ ಗಣಕದಲ್ಲಿ ಸೇವಾಸಿಂಧುವಿನ ಅರ್ಜಿ ತುಂಬುತ್ತೇವೆ, ಸಿ.ಇ.ಟಿ. ಅರ್ಜಿಯ ಪಾಸ್‌ವರ್ಡು, ತಂದೆಯ ಆಧಾರ್ ಸಂಖ್ಯೆ, ತಾಯಿಯ ಬ್ಯಾಂಕ್ ಖಾತೆಯ ಸಂಖ್ಯೆ ಎಲ್ಲವೂ ಅದೇ ಕೀಲಿಮಣೆಯ ಮೂಲಕ ಒಳಹೋಗುತ್ತವೆ. ದಿನಕ್ಕೆ ಹತ್ತಾರು ಮಂದಿಯ ಗುಟ್ಟುಗಳು ಹಾದುಹೋಗುವ ಆ ಯಂತ್ರದಲ್ಲಿ ಏನೇನು ನೆಲೆಸಿದೆಯೆಂದು ಅಂಗಡಿಯವರನ್ನು ಕೇಳಿದರೆ, ಕನ್ನಡದ ತಂತ್ರಾಂಶವನ್ನೂ ಇನ್ನೆರಡು ಮೂರನ್ನೂ ಹೆಸರಿಸಿಯಾರು. ಉಳಿದ ನೂರರ ವಿಚಾರ ಅವರಿಗೂ ತಿಳಿಯದು. ತಪ್ಪು ಅವರದಲ್ಲ, ಅವರಿಗೆ ಯಾರೂ ಹೇಳಿಲ್ಲ. ಹೇಳಿದ್ದರೂ ಅದು ಇಂಗ್ಲಿಷಿನ ಒಪ್ಪಂದಪತ್ರದ ಮೂವತ್ತನೆಯ ಪುಟದಲ್ಲಿ ಅಡಗಿರುತ್ತದೆ.

ಇದನ್ನು ಓದಿ ಉತ್ಸಾಹಗೊಂಡ ಯುವಕರು ಹಿನ್ನೆಲೆಯಲ್ಲಿರುವುದನ್ನೆಲ್ಲ ಕಿತ್ತೆಸೆಯಲು ಹೊರಡಬಾರದು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪಿಡುಗು ಲೋಕವನ್ನೆಲ್ಲ ಕಾಡಿದಾಗ, ಅದಕ್ಕೆ ತಕ್ಕ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚಿಯಲ್ಲಿಯೇ ಹೊರಡಿಸಿತ್ತು. ಅದನ್ನು ಹಾಕಿಸಿಕೊಳ್ಳದ ಗಣಕಗಳೇ ಬಹುಮಟ್ಟಿಗೆ ತುತ್ತಾದವು. ಹಿನ್ನೆಲೆಯಲ್ಲಿ ಮೌನವಾಗಿ ತಿದ್ದುಪಡಿ ತರುವ ತಂತ್ರಾಂಶವು ರಕ್ಷಕನೇ ಹೊರತು ಶತ್ರುವಲ್ಲ. ಹೇಳದೆ ಇರುವುದನ್ನು ನಾವು ಆಕ್ಷೇಪಿಸುತ್ತೇವೆ, ಇರುವುದನ್ನಲ್ಲ.

‘ಎಲ್ಲವನ್ನೂ ಹೇಳುತ್ತ ಹೋದರೆ ಕೇಳುವವರಿಲ್ಲ, ಜನರು ಓದದೆಯೇ ಒಪ್ಪಿಗೆ ಒತ್ತುತ್ತಾರೆ’ ಎಂದು ತಯಾರಕರು ವಾದಿಸುವುದುಂಟು. ಇದು ಅರ್ಧಸತ್ಯ. ಆಂಡ್ರಾಯ್ಡ್ ಫೋನಿನಲ್ಲಿ ಹೊರಗಿನ ಕೀಲಿಮಣೆಯೊಂದನ್ನು ಅಳವಡಿಸಹೊರಟರೆ, ಪಾಸ್‌ವರ್ಡೂ ಸೇರಿದಂತೆ ನೀವು ಬರೆಯುವ ಎಲ್ಲವನ್ನೂ ಇದು ಸಂಗ್ರಹಿಸಬಲ್ಲುದೆಂಬ ಎಚ್ಚರಿಕೆ ಎರಡೇ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ.  ಆಪಲ್ ಸಂಸ್ಥೆಯ ಗಣಕಗಳಲ್ಲಿ 2019ರಿಂದೀಚೆಗೆ, ಕೀಲಿಗಳನ್ನು ಗಮನಿಸಬಯಸುವ ತಂತ್ರಾಂಶವು ಅದಕ್ಕೆಂದೇ ಪ್ರತ್ಯೇಕ ಅನುಮತಿಯನ್ನು ಪಡೆಯಬೇಕು. ವಿಂಡೋಸಿನಲ್ಲಾದರೋ, ‘ಈ ತಂತ್ರಾಂಶವು ನಿಮ್ಮ ಗಣಕದಲ್ಲಿ ಮಾರ್ಪಾಡು ಮಾಡಬಹುದೆ?’ ಎಂಬ ಸಾಮಾನ್ಯ ಪ್ರಶ್ನೆಯೊಂದೇ. ಏನು ಮಾರ್ಪಾಡು, ಯಾವುದರ ಮೇಲೆ ಕಣ್ಣು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಹಾಗಾಗಿ ತಂತ್ರಾಂಶವನ್ನು ರಚಿಸಿದವರೇ ಅದನ್ನು ಹೇಳಬೇಕಾಗುತ್ತದೆ.

ಕಾನೂನು ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದ ಮೊಕದ್ದಮೆಯಲ್ಲಿ ಅರ್ಜಿದಾರರಾಗಿದ್ದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಒಪ್ಪಿಗೆ ಕೇಳುವವರು ಸರಳ ಭಾಷೆಯಲ್ಲಿ ಕೇಳಬೇಕೆಂದೂ, ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಅದನ್ನು ಓದುವ ಅವಕಾಶ ಕೊಡಬೇಕೆಂದೂ ವಿಧಿಸುತ್ತದೆ. ಕನ್ನಡ ಆ ಅನುಸೂಚಿಯಲ್ಲಿದೆ. ಆದರೆ ಈ ಶಾಸನವು ಮಾಹಿತಿಯನ್ನು ಸಂಗ್ರಹಿಸಿ ಬಳಸುವವರಿಗೆ ಅನ್ವಯಿಸುವಂಥದು. ಕೀಲಿಗಳನ್ನು ಕಂಡೂ ಎಲ್ಲಿಗೂ ಕಳುಹಿಸದ ಸಾಧು ತಂತ್ರಾಂಶವು ಬಾಯಿಬಿಡಬೇಕೆಂದು ಅದು ಬಲವಂತಪಡಿಸುವುದಿಲ್ಲ. ನಮ್ಮ ಮಟ್ಟಿಗೆ ಸಾಧುಗಳೇ ಮೊದಲು ಮಾತಾಡಬೇಕು. ಆಗ ಮಾತಾಡದೆ ಉಳಿದವರು ಯಾರೆಂಬುದು ತಾನಾಗಿ ಎದ್ದುಕಾಣುತ್ತದೆ.

ಮಧ್ಯವರ್ತಿಯ ಹಂಗನ್ನೇ ಬಿಡುವ ದಾರಿಯೂ ಒಂದುಂಟು. 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನ ಕೊಟ್ಟ ಯೂನಿಕೋಡಿನಲ್ಲಿ ‘ಕಿ’ಗೆ ಪ್ರತ್ಯೇಕ ಸಂಖ್ಯೆಯಿಲ್ಲ. ‘ಕ’ ಒಂದು ಸಂಖ್ಯೆ, ಇಕಾರದ ಗುಣಿತಚಿಹ್ನೆ ಮತ್ತೊಂದು. ಎರಡನ್ನೂ ಸೇರಿಸಿ ‘ಕಿ’ಯ ಆಕಾರವನ್ನು ಬಿಡಿಸುವುದು ತೆರೆಯ ಮೇಲೆ ಅಕ್ಷರ ಮೂಡಿಸುವ ವ್ಯವಸ್ಥೆಯ ಹೊಣೆ. ಹೀಗಾಗಿ ಕೀಲಿಗೊಂದು ಸಂಖ್ಯೆಯೆಂಬ ಬರಿಯ ಕೋಷ್ಟಕವೇ ಸಾಕಾಗುತ್ತದೆ. ಲಿನಕ್ಸಿನಲ್ಲಿ ‘ಕಗಪ’ ಹೆಸರಿನ ಕನ್ನಡ ವಿನ್ಯಾಸ ಇರುವುದು ಹೀಗೆಯೇ. ಅದು ಯಾರು ಬೇಕಾದರೂ ತೆರೆದು ಓದಬಹುದಾದ ಒಂದು ಪಟ್ಟಿ. ಪಟ್ಟಿಗೆ ಕಣ್ಣಿಲ್ಲ, ನೆನಪಿಲ್ಲ; ಅದು ಏನನ್ನೂ ಕದಿಯಲಾರದು. ಇಂಗ್ಲಿಷ್ ಉಚ್ಚಾರಣೆಯಂತೆ ಬರೆದುದನ್ನು ಕನ್ನಡಕ್ಕೆ ತಿರುಗಿಸುವ ವಿಧಾನಗಳಿಗೆ ಮಾತ್ರ ಹಿಂದಿನ ಕೀಲಿಗಳ ನೆನಪು ಇಂದಿಗೂ ಬೇಕು.

ಅಂತಹವಕ್ಕೆ, ವಿಶೇಷವಾಗಿ ಸಾರ್ವಜನಿಕರ ಹಣದಿಂದ ತಯಾರಾಗುವ ಕನ್ನಡ ತಂತ್ರಾಂಶಗಳಿಗೆ, ರಾಜ್ಯ ಸರ್ಕಾರವು ಎರಡು ಷರತ್ತುಗಳನ್ನು ವಿಧಿಸಬೇಕೆಂದು ನಾವು ಕೇಳುತ್ತೇವೆ. ಮೂಲ ಬರಹವನ್ನು ಬಲ್ಲವರು ಓದಿ ನೋಡುವಂತೆ ಪ್ರಕಟಿಸಬೇಕು. ಅಳವಡಿಸುವ ಮೊದಲು ಕನ್ನಡದಲ್ಲಿ ಅರ್ಧ ಪುಟದ ಹೇಳಿಕೆಯೊಂದನ್ನು ತೋರಿಸಬೇಕು. ಅದು ಹೀಗಿದ್ದರೆ ಸಾಕು: ‘ಈ ತಂತ್ರಾಂಶವು ಗಣಕದೊಡನೆ ತಾನಾಗಿ ಆರಂಭವಾಗುತ್ತದೆ. ಕನ್ನಡ ಸ್ಥಿತಿಯಲ್ಲಿರುವಾಗ ನೀವು ಒತ್ತುವ ಪ್ರತಿಯೊಂದು ಕೀಲಿಯನ್ನೂ ನೋಡುತ್ತದೆ. ಇಂಗ್ಲಿಷಿಗೆ ಬದಲಾಯಿಸಿದಾಗ ನೋಡುವುದಿಲ್ಲ. ಕೊನೆಯ ಒಂದು ಪದವನ್ನು ಮಾತ್ರ ನೆನಪಿಡುತ್ತದೆ, ಕಡತದಲ್ಲಿ ಬರೆಯುವುದಿಲ್ಲ. ಅಂತರ್ಜಾಲದ ಮೂಲಕ ಏನನ್ನೂ ಎಲ್ಲಿಗೂ ಕಳುಹಿಸುವುದಿಲ್ಲ. ನಿಮಗೆ ಬೇಡವಾದ ದಿನ ಇದನ್ನು ಪೂರ್ತಿಯಾಗಿ ತೆಗೆಯುವ ಬಗೆ ಕೆಳಗಿದೆ.’