ಫೈಟರ್ ಮೀನು ಸುಮ್ಮನೆ ಕುಳಿತರೆ ಮೊದಲು ನೀರು ನೋಡಿ

ಚಳಿ ಬಿತ್ತೆಂದರೆ ನಮ್ಮೂರು ಮುಕ್ಕುಂದದಲ್ಲಿ ಯಾರಾದರೊಬ್ಬರು ನಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಹೆಚ್ಚಾಗಿ ಶಾಲೆಗೆ ಹೋಗುವ ಹುಡುಗರು, ಒಮ್ಮೊಮ್ಮೆ ಅವರ ಅವ್ವಂದಿರು. ಕೇಳುವ ಮಾತು ಒಂದೇ: "ಕಾಕಾ, ಫೈಟರ್ ಯಾಕೋ ತಳಕ್ಕ ಸುಮ್ನ ಕುಂತೈತಿ. ಏನರ ಔಷಧ ಐತೇನು?"

ನಾನು ನೆಲ್ಲು ಬೆಳೆಯುವವನು. ಮೀನಿನ ಡಾಕ್ಟರನಲ್ಲ. ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟುಕೊಂಡು ಬಹಳ ವರ್ಷಗಳಿಂದ ಫೈಟರ್, ಅಂದರೆ ಬೆಟ್ಟಾ ಮೀನು ಸಾಕುತ್ತಿದ್ದೇನೆ, ಅಷ್ಟೇ. ಇಷ್ಟು ವರ್ಷ ನೋಡಿದ್ದರಿಂದ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ತಳ ಹಿಡಿದ ಮೀನಿಗೆ ಔಷಧ ಹುಡುಕುವುದು ಆಮೇಲಿನ ಕೆಲಸ, ಮೊದಲು ಅದು ಇರುವ ನೀರನ್ನು ನೋಡಬೇಕು. ನೆಲ್ಲಿನ ಗರಿ ಹಳದಿಗೆ ತಿರುಗಿದರೆ ನಾವು ಗರಿಗೆ ಬಣ್ಣ ಬಳಿಯುತ್ತೇವೆಯೇ? ಬುಡಕ್ಕೆ ಕೈ ಹಾಕಿ ಬೇರು ನೋಡುತ್ತೇವೆ, ನಿಂತ ನೀರು ನೋಡುತ್ತೇವೆ. ಮೀನಿನ ವಿಷಯದಲ್ಲೂ ಅದೇ ಬುದ್ಧಿ ಬೇಕು.

ಈ ಮೀನಿನ ಮೂಲ ಥಾಯ್ಲೆಂಡ್. 1840ರಲ್ಲಿ ಅಲ್ಲಿನ ದೊರೆ 3ನೇ ರಾಮ ತಾನು ಸಾಕಿದ ಕಾಳಗದ ಮೀನುಗಳಲ್ಲಿ ಕೆಲವನ್ನು ಥಿಯೊಡೋರ್ ಕ್ಯಾಂಟರ್ ಎಂಬ ವೈದ್ಯನ ಗೆಳೆಯನಿಗೆ ಕೊಟ್ಟಿದ್ದನಂತೆ. ಅವುಗಳ ಬಗ್ಗೆ ಬರೆದ ಕ್ಯಾಂಟರ್ ಕೊಟ್ಟ ಹೆಸರು ಬೇರೊಂದು ಮೀನಿಗೆ ಸೇರಿದ್ದು ಎಂದು ಮುಂದೆ ತಿಳಿಯಿತು. 1910ರಲ್ಲಿ ಚಾರ್ಲ್ಸ್ ಟೇಟ್ ರೇಗನ್ ಎಂಬ ಬ್ರಿಟಿಷ್ ವಿಜ್ಞಾನಿ ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಈಗಿನ ಹೆಸರಿಟ್ಟ. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಅಲ್ಲಿ ಇದು ಇರುವುದು ಚಾವೊ ಪ್ರಾಯಾ ನದಿಯ ಬಯಲಿನ ಗದ್ದೆಗಳಲ್ಲಿ, ಕಾಲುವೆಯ ಅಂಚಿನಲ್ಲಿ, ಹುಲ್ಲು ಬೆಳೆದ ಜೌಗಿನಲ್ಲಿ. ಅಂದರೆ ಭತ್ತದ ಸೀಮೆಯ ಮೀನು ಸಿಂಧನೂರಿನಂಥ ಭತ್ತದ ಸೀಮೆಗೇ ಬಂದಿದೆ. ಇಲ್ಲಿ ಅದು ಚೆನ್ನಾಗಿ ಬದುಕಬೇಕು. ಬದುಕುತ್ತಿಲ್ಲವೆಂದರೆ ನಾವು ಅದನ್ನು ಇಟ್ಟ ರೀತಿಯಲ್ಲೇ ಏನೋ ತಪ್ಪಿದೆ.

ಅಂಗಡಿಯವರು ಹೇಳುವ ಮಾತೊಂದಿದೆ: "ಇದು ಗದ್ದೆ ಮೀನು, ಲೋಟದಷ್ಟು ನೀರಿದ್ದರೂ ಸಾಕು." ಗದ್ದೆಯಲ್ಲಿ ಕೆಲಸ ಮಾಡಿದ ಯಾರೂ ಇದನ್ನು ಒಪ್ಪಬಾರದು. ಗದ್ದೆಯ ನೀರು ಮೊಣಕಾಲೂ ಮುಟ್ಟುವುದಿಲ್ಲ ನಿಜ, ಆದರೆ ಅದು ಎಕರೆಗಟ್ಟಲೆ ಹರಡಿರುತ್ತದೆ. ಅದರಲ್ಲಿ ಮೀನು ನೆರಳಿಗೆ ಸರಿಯಬಹುದು, ಬಿಸಿಲಿಗೆ ಬರಬಹುದು, ಕೊಳಕಿನಿಂದ ದೂರ ಹೋಗಬಹುದು. ಲೋಟದಲ್ಲಿ ಇವು ಯಾವುದಕ್ಕೂ ಎಡೆಯಿಲ್ಲ. ಆದರೂ ಅದು ಲೋಟದಲ್ಲಿ ಉಸಿರು ಹಿಡಿದಿರುವುದಕ್ಕೆ ಕಾರಣ ಬೇರೆ. ಕಿವಿರಿನ ಮೇಲ್ಭಾಗದಲ್ಲಿ ಅದಕ್ಕೆ ಸುರುಳಿ ಸುರುಳಿಯಾದ ಇನ್ನೊಂದು ಅಂಗವಿದೆ. ಮೇಲೆ ಬಂದು ಬಾಯಿತುಂಬ ಗಾಳಿ ತೆಗೆದುಕೊಂಡು ಅದರಿಂದ ಪ್ರಾಣವಾಯು ಹೀರಿಕೊಳ್ಳುತ್ತದೆ. ನಮ್ಮ ಕೆರೆ ಕಾಲುವೆಗಳ ಕೊರವ ಮೀನು ಕೂಡ ಹೀಗೆ ಗಾಳಿ ನುಂಗಿಯೇ ಕೆಸರಿನಲ್ಲಿ ತಾಳಿಕೊಳ್ಳುತ್ತದೆ. ಈ ಒಂದು ಶಕ್ತಿಯಿಂದಾಗಿ ಕೆಟ್ಟ ನೀರಿನಲ್ಲಿ ಬೇರೆ ಮೀನು ತಾಸುಗಳಲ್ಲಿ ಸತ್ತರೆ, ಫೈಟರ್ ವಾರಗಟ್ಟಲೆ ನರಳಿ ಸಾಯುತ್ತದೆ. ಆ ನರಳಾಟವನ್ನೇ ಜನ "ಸುಮ್ನ ಕುಂತೈತಿ" ಅನ್ನುವುದು.

ಮೊದಲ ಕಾರಣ ಚಳಿ. ಮೀನಿಗೆ ಮೈಯೊಳಗೆ ತನ್ನದೇ ಕಾವು ಇಲ್ಲ, ನೀರಿನ ಕಾವೇ ಅದರ ಕಾವು. ಬೆಟ್ಟಾಕ್ಕೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ನಮ್ಮದು ಬಿಸಿಲ ನಾಡು ಎಂದು ಹೆಸರಾದ ಜಿಲ್ಲೆ, ಇಲ್ಲಿ ಮೀನಿಗೆ ಎಲ್ಲಿಯ ಚಳಿ ಎಂದು ಜನ ಕೇಳುತ್ತಾರೆ. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಗೆ ಹೋಗಿ ರಾತ್ರಿ ಬಯಲಲ್ಲಿ ಮಲಗಿದವರಿಗೆ ಉತ್ತರ ಗೊತ್ತು. ಡಿಸೆಂಬರ್, ಜನವರಿಯ ಬೆಳಗಿನ ಜಾವ ಇಲ್ಲಿ 15 ಡಿಗ್ರಿ ಆಸುಪಾಸಿಗೆ ಇಳಿಯುವುದುಂಟು. ದೊಡ್ಡ ತೊಟ್ಟಿಯ ನೀರು ನಿಧಾನವಾಗಿ ತಣಿಯುತ್ತದೆ, ಬಟ್ಟಲಿನ ನೀರು ಕೋಣೆಯ ಗಾಳಿಯ ಜೊತೆಗೇ ಏರಿ ಇಳಿಯುತ್ತದೆ.

ಹೋದ ಚಳಿಗಾಲದಲ್ಲಿ ನನ್ನ ತಮ್ಮನ ಮಗಳ ಮೀನು ಹೀಗೇ ಆಗಿತ್ತು. ಕಿಟಕಿಯ ಕಟ್ಟೆಯ ಮೇಲೆ ದುಂಡನೆಯ ಗಾಜಿನ ಬಟ್ಟಲು, ತಳದಲ್ಲಿ ನೀಲಿ ಬಣ್ಣದ ಕಲ್ಲು, ಕಲ್ಲಿನ ಮೇಲೆ ಕೆಂಪು ಫೈಟರ್ ಒಂದು ಪಕ್ಕಕ್ಕೆ ವಾಲಿ ಕುಳಿತಿತ್ತು. ಬೆಳಿಗ್ಗೆ ಏಳರ ಹೊತ್ತು. ತಾಪಮಾಪಕ ಇಳಿಬಿಟ್ಟರೆ 18 ಡಿಗ್ರಿ. ಬೀಸಣಿಗೆಯಂತೆ ಹರಡಬೇಕಿದ್ದ ರೆಕ್ಕೆಗಳು ಮೈಗೆ ಅಂಟಿಕೊಂಡಿದ್ದವು. ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ಬಂದಿತ್ತು. ಕಿವಿರು ಬಹಳ ನಿಧಾನಕ್ಕೆ ತೆರೆದು ಮುಚ್ಚುತ್ತಿತ್ತು. ಹಿಂದಿನ ರಾತ್ರಿ ಹಾಕಿದ ಕಾಳು ಉಬ್ಬಿ, ಬಿಳಿ ನೂಲಿನಂಥ ಬೂಸ್ಟು ಹಿಡಿದು ಕಲ್ಲಿನ ಸಂದಿಯಲ್ಲಿ ಬಿದ್ದಿತ್ತು. ಮಗು ಅದರ ಮುಂದೆ ಕನ್ನಡಿ ಹಿಡಿದು ಕುಳಿತಿದ್ದಳು, ಸಿಟ್ಟಿಗಾದರೂ ಎದ್ದೀತು ಅಂತ. "ದೊಡ್ಡಪ್ಪಾ, ಕನ್ನಡಿ ತೋರಿಸಿದ್ರೂ ಏಳವಲ್ದು" ಎಂದಳು. ಕನ್ನಡಿಯಲ್ಲಿ ಅದಕ್ಕೆ ಕಾಣುವುದು ಶತ್ರು. ಮೈಯಲ್ಲಿ ಕಸುವೇ ಇಲ್ಲದಾಗ ಹಗೆಯನ್ನು ಎದುರಿಗೆ ತಂದು ನಿಲ್ಲಿಸುವುದು ಹಿಂಸೆ ಎಂದು ಅವಳಿಗೆ ತಿಳಿಸಿ ಹೇಳಿದೆ. ಮೀನನ್ನು ನಮ್ಮ ಮನೆಯ 25 ಲೀಟರಿನ ತೊಟ್ಟಿಗೆ ತಂದು, ಚಿಕ್ಕ ಹೀಟರಿನಿಂದ ನೀರನ್ನು ಮೆಲ್ಲಗೆ ಕಾಯಿಸಿದೆವು. ಒಮ್ಮೆಲೇ ಬಿಸಿನೀರು ಸುರಿಯಬಾರದು, ಆ ಏಟಿಗೇ ಮೀನು ಸಾಯಬಹುದು. ಯಾವ ಔಷಧವನ್ನೂ ಹಾಕಲಿಲ್ಲ. ಕೆಲವೇ ದಿನಗಳಲ್ಲಿ ಅದು ರೆಕ್ಕೆ ಬಿಚ್ಚಿತು, ಕಾಳಿಗೆ ಮೇಲೆ ಬಂತು.

ಚಳಿ ಒಂಟಿಯಾಗಿ ಬರುವುದಿಲ್ಲ, ಅದರ ಹಿಂದೆಯೇ ಕೊಳಕು ಇರುತ್ತದೆ. ನೀರು ತಣ್ಣಗಾದರೆ ಮೀನಿನ ಜೀರ್ಣಶಕ್ತಿ ಕುಗ್ಗುತ್ತದೆ. ನಾವು ಮಾತ್ರ ಎಂದಿನಷ್ಟೇ ಕಾಳು ಹಾಕುತ್ತೇವೆ. ತಿನ್ನದೆ ಉಳಿದದ್ದು ಕೊಳೆತು ಅಮೋನಿಯಾ ಆಗುತ್ತದೆ, ಮೀನಿನ ಕಿವಿರಿನಿಂದಲೂ ಅಮೋನಿಯಾ ಹೊರಬೀಳುತ್ತಲೇ ಇರುತ್ತದೆ. ಯೂರಿಯಾ ಚೀಲ ಹೊತ್ತವರಿಗೆ ಈ ವಸ್ತು ಹೊಸದಲ್ಲ. ಗದ್ದೆಗೆ ಹಾಕಿದ ಯೂರಿಯಾ ಅಮೋನಿಯಾ ಆಗಿ ಒಡೆಯುತ್ತದೆ, ಮಣ್ಣಿನ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ತೊಟ್ಟಿಯಲ್ಲೂ ಇದೇ ನಡೆಯಬೇಕು. ಆ ಜಾತಿಯ ಸೂಕ್ಷ್ಮಾಣುಗಳು ಕಲ್ಲು, ಸ್ಪಂಜಿನ ಫಿಲ್ಟರು, ಗಾಜಿನ ಮೇಲಿನ ಲೋಳೆಯಲ್ಲಿ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಬಟ್ಟಲಿನಲ್ಲಿ ಅವು ಊರಲು ಜಾಗವೂ ಇಲ್ಲ, ಸಮಯವೂ ಇಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಅಚ್ಚುಕಟ್ಟು ಜಾಸ್ತಿ, ವಾರಕ್ಕೊಮ್ಮೆ ಬಟ್ಟಲನ್ನು ಸೋಪು ಹಾಕಿ ತಿಕ್ಕಿ ತೊಳೆದು ಹೊಸ ನೀರು ತುಂಬಿಸುತ್ತಾರೆ. ಇದ್ದಬದ್ದ ಸೂಕ್ಷ್ಮಾಣುವೂ ಹೋಗುತ್ತದೆ, ಅಮೋನಿಯಾ ಮತ್ತೆ ಮೊದಲಿನಿಂದ ಏರುತ್ತದೆ. ಅದು ಕಿವಿರನ್ನು ಸುಡುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ, ಇಲ್ಲವೇ ತಳದಲ್ಲಿ ಬೀಳುತ್ತದೆ.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಬಹಳಷ್ಟು ಬೋರಿನ ನೀರು ಗಡಸು, ಕ್ಷಾರವೂ ಹೆಚ್ಚು. ಕ್ಷಾರದ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ತೀಕ್ಷ್ಣವಾಗುತ್ತದೆ, ಮಧ್ಯಾಹ್ನ ನೀರು ಕಾದರೆ ಮತ್ತಷ್ಟು. ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಇರುತ್ತದೆ, ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟು ಬಳಸಬೇಕು. ಕಾಲುವೆಯ ನೀರನ್ನು ನಾನು ಮುಟ್ಟುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯುದ್ದಕ್ಕೂ ನಾವೆಲ್ಲ ಗದ್ದೆಗೆ ಏನೇನು ಸಿಂಪಡಿಸುತ್ತೇವೆ ಎಂಬುದು ನಮಗೇ ಗೊತ್ತು. ಮಳೆನೀರು ಹಿಡಿದಿಟ್ಟುಕೊಂಡವರು ಅದನ್ನು ಬೋರಿನ ನೀರಿಗೆ ಬೆರೆಸಿ ಕೊಟ್ಟರೆ ಮೀನಿಗೆ ಹಿತ. ಶಾಲೆಯ ಅಂಗಳದ ಬಾದಾಮಿ ಗಿಡದ ಒಣಗಿದ ಎಲೆ ಒಂದನ್ನು ತೊಳೆದು ತೊಟ್ಟಿಗೆ ಹಾಕಿ. ನೀರು ಚಹದ ಬಣ್ಣಕ್ಕೆ ತಿರುಗುತ್ತದೆ, ಮೀನು ಆ ಎಲೆಯ ಕೆಳಗೆ ಹೋಗಿ ನೆಮ್ಮದಿಯಾಗಿರುತ್ತದೆ.

ಆಹಾರದ ಮಾತು ಚಿಕ್ಕದು. ಬೆಟ್ಟಾದ ಹೊಟ್ಟೆ ಅದರ ಕಣ್ಣಿಗಿಂತ ಹೆಚ್ಚು ದೊಡ್ಡದಲ್ಲ. ಹೊತ್ತಿಗೆ ಎರಡು ಮೂರು ಕಾಳು ಸಾಕು, ವಾರಕ್ಕೊಂದು ದಿನ ಉಪವಾಸ ಒಳ್ಳೆಯದು. ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು ಕಾಳು ಹಾಕಿದರೆ ಹೊಟ್ಟೆ ಉಬ್ಬಿ, ಮಲ ಕಟ್ಟಿ, ತೇಲುವ ಹಿಡಿತ ತಪ್ಪಿ ಮೀನು ವಾಲುತ್ತದೆ.

ಸುಮ್ಮನಿರುವುದೆಲ್ಲ ಕೇಡಲ್ಲ ಎಂಬುದನ್ನೂ ಹೇಳಬೇಕು. ಬೆಟ್ಟಾ ರಾತ್ರಿ ನಿದ್ದೆ ಮಾಡುತ್ತದೆ, ಎಲೆಯ ಮೇಲೆ ಒರಗಿಯೋ ತಳದಲ್ಲಿಯೋ. ಅಂಗಡಿಯ ಗಂಡು ಮೀನಿನ ಉದ್ದುದ್ದ ರೆಕ್ಕೆ ಮನುಷ್ಯರು ತಳಿ ಆರಿಸಿ ಬೆಳೆಸಿದ್ದು, ಕಾಡಿನ ಬೆಟ್ಟಾಕ್ಕೆ ಅಷ್ಟು ಉದ್ದ ಇಲ್ಲ. ಆ ಭಾರ ಹೊತ್ತು ಈಜಿ ದಣಿದಾಗ ಅದು ಕುಳಿತು ಸುಧಾರಿಸಿಕೊಳ್ಳುತ್ತದೆ. ಇನ್ನು ವಯಸ್ಸು. ಅದರ ಆಯುಷ್ಯ ಎರಡು ಮೂರು ವರ್ಷ, ನಮ್ಮ ಕೈಗೆ ಬರುವಾಗಲೇ ಅದರಲ್ಲಿ ಹಲವು ತಿಂಗಳು ಕಳೆದಿರುತ್ತವೆ. ಮುದಿ ಮೀನು ನಿಧಾನವಾದರೆ ಅದಕ್ಕೆ ತಗ್ಗಿದ ನೀರು ಕೊಡಿ, ಮೇಲೆ ಬಂದು ಉಸಿರು ತೆಗೆದುಕೊಳ್ಳಲು ಸುಲಭವಾಗುತ್ತದೆ. ಸೆಕೆಯಲ್ಲೂ ಅದು ಸೋಲುತ್ತದೆ. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ತೊಟ್ಟಿಯನ್ನು ನೆಲದ ಮೇಲೆ, ತಂಪು ಮೂಲೆಯಲ್ಲಿ ಇಡಬೇಕು.

ರೋಗವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕಿ, ಟಾರ್ಚು ಬಿಟ್ಟರೆ ಚಿನ್ನದ ಪುಡಿಯಂತೆ ಹೊಳೆಯುವ ಪದರ, ಕೊಳೆತು ಹರಿದ ರೆಕ್ಕೆ ಕಂಡರೆ ಚಿಕಿತ್ಸೆ ಬೇಕು. ಹೊಟ್ಟೆ ಊದಿ ಹುರುಪೆಗಳು ನಿಮಿರಿ ನಿಂತರೆ ಉಳಿಯುವುದು ಕಷ್ಟ. ಆದರೆ ಏನೂ ನೋಡದೆ ಅಂಗಡಿಯ ನೀಲಿ ಔಷಧವನ್ನು ಬಟ್ಟಲಿಗೆ ಸುರಿಯುವುದು ನಮ್ಮಲ್ಲಿ ರೂಢಿಯಾಗಿದೆ. ಆ ನೀಲಿ, ರೋಗದ ಜೊತೆಗೆ ಅಮೋನಿಯಾ ತಿನ್ನುವ ಸೂಕ್ಷ್ಮಾಣುವನ್ನೂ ಕೊಲ್ಲುತ್ತದೆ.

ಹಾಗಾಗಿ ನನ್ನ ತಕರಾರು ಬಟ್ಟಲಿನ ಮೇಲೆ. 100-150 ರೂಪಾಯಿಯ ಮೀನಿಗೆ ಇನ್ನೂರು ರೂಪಾಯಿಯ ಬಟ್ಟಲು ಕೊಟ್ಟು ಕಳಿಸುವ ವ್ಯಾಪಾರ ನಿಲ್ಲಬೇಕು. ಇದು ಬರೀ ಕರುಣೆಯ ಮಾತಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿ. ಮೀನೂ ಅದರಲ್ಲಿ ಬಂತು. ಓಡಾಡಲು ಸಾಕಷ್ಟು ಎತ್ತರ, ಉದ್ದ, ಅಗಲ ಇಲ್ಲದ ಪಂಜರದಲ್ಲಾಗಲಿ ಪಾತ್ರೆಯಲ್ಲಾಗಲಿ ಪ್ರಾಣಿಯನ್ನು ಇಡುವುದು ಅದರ 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ, ಅರವತ್ತು ವರ್ಷ ಕಳೆದರೂ ಅಷ್ಟೇ. ಮೀನಿನ ಬೆಲೆಗಿಂತ ಕಡಿಮೆಯಾದ ಈ ದಂಡಕ್ಕೆ ಯಾರೂ ಹೆದರುವುದಿಲ್ಲ. ಅದನ್ನು ಸಂಸತ್ತು ಏರಿಸಲೇಬೇಕು. ಅಲ್ಲಿಯವರೆಗೆ ಅಂಗಡಿಯವರು ತಾವೇ ಮುಂದೆ ಬಂದು, ಮೀನಿನ ಜೊತೆ ಕನಿಷ್ಠ 15-20 ಲೀಟರಿನ ತೊಟ್ಟಿ, ಮುಚ್ಚಳ, ತಾಪಮಾಪಕ ಇಲ್ಲದವರಿಗೆ ಫೈಟರ್ ಮಾರುವುದಿಲ್ಲ ಎನ್ನಬೇಕು.

ಸಾಕಲು ಆಗದವರು ಅದನ್ನು ಕಾಲುವೆಗೋ ಹೊಳೆಗೋ ಬಿಡಬೇಡಿ. ಆಸ್ಟ್ರೇಲಿಯಾದ ಅಡಿಲೇಡ್ ನದಿಯ ಬಯಲಿನಲ್ಲಿ ಹೀಗೆ ಸೇರಿಕೊಂಡ ಬೆಟ್ಟಾ ಅಲ್ಲೇ ವಂಶ ಬೆಳೆಸಿ ಕುಳಿತಿದೆ. ತುಂಗಭದ್ರೆಯ ಸ್ವಂತ ಮೀನುಗಳಿಗೆ ಈಗಿರುವ ಕಷ್ಟವೇ ಸಾಕಷ್ಟಿದೆ.

ಮನೆಯಲ್ಲಿ ಫೈಟರ್ ಇರುವವರು ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಸೂರ್ಯ ಏರುವ ಮುನ್ನ ನೀರಿಗೆ ತಾಪಮಾಪಕ ಇಳಿಬಿಟ್ಟು ನೋಡಿ, 24ಕ್ಕಿಂತ ಕೆಳಗಿದ್ದರೆ ಬೆಚ್ಚಗಿಡುವ ಏರ್ಪಾಡು ಮಾಡಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸಿ, ಹಾಕುವ ನೀರು ಒಂದು ದಿನ ಇಟ್ಟದ್ದಾಗಿರಲಿ, ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಲಿ. ಸೋಪು ಮುಟ್ಟಿಸಬೇಡಿ. ತೊಟ್ಟಿಗೆ ಜಾಗವಿಲ್ಲ, ದುಡ್ಡಿಲ್ಲ ಎನ್ನುವವರು ದಯವಿಟ್ಟು ಈ ಮೀನನ್ನು ಕೊಳ್ಳಬೇಡಿ, ಮಗು ಅತ್ತರೂ ಕೊಳ್ಳಬೇಡಿ.